ಡೌನ್‌ಲೋಡ್ ಮಾಡಿಸುವ ಹೆಡರ್ ಬೇರೆ, ಹಳೆಯ ಫೈಲ್ ತಡೆಯುವ ಹೆಡರ್ ಬೇರೆ

ನಿಮ್ಮ ದೂರು ಎರಡು: ರಿಪೋರ್ಟ್ ಪಿಡಿಎಫ್ ಡೌನ್‌ಲೋಡ್ ಆಗದೆ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಡೇಟಾ ತಿದ್ದಿದ ಮೇಲೂ ಹಳೆಯ ರಿಪೋರ್ಟೇ ಬರುತ್ತದೆ. ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಫೈಲ್ ಜೊತೆ ಸರ್ವರ್ ಬ್ರೌಸರ್‌ಗೆ ಕಳಿಸುವ ಸೂಚನೆಯ ಸಾಲುಗಳೇ ಹೆಡರ್; ಪಡೆದ ಫೈಲ್‌ನ ಪ್ರತಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುವುದು ಕ್ಯಾಶ್. ಕ್ಯಾಶ್ ಹೆಡರ್‌ಗಳನ್ನು ಎಷ್ಟು ತಿದ್ದಿದರೂ ಮೊದಲನೆಯದು ಸರಿಹೋಗಲ್ಲ.

ಡೌನ್‌ಲೋಡ್‌ಗೆ ಬೇಕಾದದ್ದು ಕಂಟೆಂಟ್-ಡಿಸ್ಪೊಸಿಷನ್ ಹೆಡರ್. ಅದರ ಮೌಲ್ಯ 'ಅಟ್ಯಾಚ್‌ಮೆಂಟ್' ಇರಲಿ, ಸೆಮಿಕೋಲನ್ ಹಾಕಿ ಫೈಲ್‌ನೇಮ್ ಕೊಡಿ. ಫೈಲ್ ಯಾವ ಬಗೆಯದು ಅಂತ ಹೇಳುವ ಕಂಟೆಂಟ್-ಟೈಪ್ ನಿಜವಾದದ್ದೇ ಇರಲಿ, ಅಂದರೆ 'ಅಪ್ಲಿಕೇಶನ್/ಪಿಡಿಎಫ್'. ನೀವು ಹಾಕಿರುವ 'ಅಪ್ಲಿಕೇಶನ್/ಫೋರ್ಸ್-ಡೌನ್‌ಲೋಡ್' ಅನ್ನುವ ಟೈಪ್ ಅಧಿಕೃತ ಪಟ್ಟಿಯಲ್ಲೇ ಇಲ್ಲ, ತೆಗೆದುಬಿಡಿ. ಫೈಲ್ ಹೆಸರು ಕನ್ನಡದಲ್ಲಿದ್ದರೆ ಫೈಲ್‌ನೇಮ್ ಪಕ್ಕ ನಕ್ಷತ್ರ ಚಿಹ್ನೆ ಇರುವ ಇನ್ನೊಂದು ರೂಪವೂ ಬೇಕು: ಯುಟಿಎಫ್-8 ಎಂದು ಬರೆದು, ಎರಡು ಒಂಟಿ ಉದ್ಧರಣ ಚಿಹ್ನೆ ಹಾಕಿ, ಆಮೇಲೆ ಪರ್ಸೆಂಟ್ ಎನ್‌ಕೋಡ್ ಮಾಡಿದ ಹೆಸರು. 2011ರ ಆರ್‌ಎಫ್‌ಸಿ 6266 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಇದರ ವಿವರ ಇದೆ.

ಈಗ ಹಳೆಯ ರಿಪೋರ್ಟ್. ನಿಮ್ಮ ಕೋಡ್‌ನ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲೇ 'ಪಬ್ಲಿಕ್, ಮ್ಯಾಕ್ಸ್-ಏಜ್=86400' ಕೂತಿದೆಯಲ್ಲ! 86400 ಸೆಕೆಂಡ್, ಅಂದರೆ ಒಂದು ದಿನ ಪೂರ್ತಿ ಸರ್ವರ್ ಕಡೆ ತಿರುಗಿಯೂ ನೋಡಬೇಡ ಅಂತ ನೀವೇ ಬ್ರೌಸರ್‌ಗೆ ಹೇಳಿದ್ದೀರಿ. ಅದಕ್ಕಿಂತ ಭಯದ ವಿಷಯ ಆ 'ಪಬ್ಲಿಕ್', ಅಂದರೆ ಮಧ್ಯದವರೂ ಪ್ರತಿ ಇಟ್ಟುಕೊಳ್ಳಬಹುದು ಅನ್ನುವ ಅನುಮತಿ. ಮಧ್ಯೆ ಸಿಡಿಎನ್ (ಫೈಲ್‌ಗಳ ಪ್ರತಿ ಇಟ್ಟುಕೊಂಡು ಎಲ್ಲರಿಗೂ ಹಂಚುವ ಸರ್ವರ್ ಜಾಲ) ಇದ್ದು, ಎಲ್ಲರಿಗೂ ಯುಆರ್‌ಎಲ್ ಒಂದೇ ಆಗಿದ್ದರೆ, ಒಬ್ಬರ ರಿಪೋರ್ಟ್ ಇನ್ನೊಬ್ಬರ ಕೈಗೆ ಹೋಗಬಹುದು. ಲಾಗಿನ್ ಆದವರಿಗೆ ಮಾತ್ರ ಕೊಡುವ ಫೈಲ್‌ಗೆ 'ಪ್ರೈವೇಟ್' (ಆ ಬಳಕೆದಾರರ ಬ್ರೌಸರ್ ಮಾತ್ರ ಇಟ್ಟುಕೊಳ್ಳಲಿ) ಕಡ್ಡಾಯ ಅಂತಲೇ ನನ್ನ ಅಭಿಪ್ರಾಯ.

'ನೋ-ಕ್ಯಾಶ್' ಅಂದರೆ ಇಟ್ಟುಕೊಳ್ಳಬೇಡ ಅಂತ ಅಲ್ಲ. ಇಟ್ಟುಕೋ, ಆದರೆ ಪ್ರತಿ ಸಲ ಸರ್ವರ್ ಕೇಳಿ ಕೊಡು ಅಂತ. ಇಟ್ಟುಕೊಳ್ಳಲೇಬೇಡ ಅನ್ನುವುದು 'ನೋ-ಸ್ಟೋರ್'. ಗುಟ್ಟಿನ ವಿವರ ಇರುವ ರಿಪೋರ್ಟ್‌ಗೆ 'ನೋ-ಸ್ಟೋರ್' ಸಾಕು. ದೊಡ್ಡ, ಅಪರೂಪಕ್ಕೆ ಬದಲಾಗುವ ಫೈಲ್ ಆದರೆ 'ಪ್ರೈವೇಟ್, ನೋ-ಕ್ಯಾಶ್' ಜೊತೆ ಇಟ್ಯಾಗ್ (ಫೈಲ್‌ನ ಆವೃತ್ತಿ ಗುರುತಿಸುವ ಹೆಡರ್) ಕೊಡಿ. ಬದಲಾಗಿಲ್ಲದಿದ್ದರೆ ಸರ್ವರ್ 304, ಅಂದರೆ 'ಬದಲಾಗಿಲ್ಲ', ಅಂದು ಮುಗಿಸುತ್ತದೆ, ಫೈಲ್ ಮತ್ತೆ ಹರಿಯುವುದಿಲ್ಲ. ಹೆಡರೇ ಹಾಕದೆ ಬಿಡುವುದೂ ಸುರಕ್ಷಿತವಲ್ಲ. ಫೈಲ್ ಕೊನೆಗೆ ಯಾವಾಗ ಬದಲಾಯಿತು ಅಂತ ಹೇಳುವ ಲಾಸ್ಟ್-ಮಾಡಿಫೈಡ್ ಒಂದೇ ಇದ್ದರೆ, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ಬ್ರೌಸರ್ ತಾನೇ ಅಂದಾಜು ಹಾಕುತ್ತದೆ.

'ಪ್ರಾಗ್ಮಾ: ಪಬ್ಲಿಕ್', 'ಪೋಸ್ಟ್-ಚೆಕ್=0, ಪ್ರಿ-ಚೆಕ್=0' ಎಲ್ಲ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದ ಪಳೆಯುಳಿಕೆ. ಎಚ್‌ಟಿಟಿಪಿಎಸ್‌ನಲ್ಲಿ 'ನೋ-ಕ್ಯಾಶ್' ಕಂಡರೆ ಆ ಬ್ರೌಸರ್‌ನ 8ನೇ ಆವೃತ್ತಿವರೆಗೂ ಡೌನ್‌ಲೋಡೇ ಕೆಡುತ್ತಿತ್ತು. ಅದಕ್ಕೆ ಹುಡುಕಿದ ಉಪಾಯಗಳು ಕಾಪಿ-ಪೇಸ್ಟ್ ಆಗಿ ಇಲ್ಲಿವರೆಗೂ ಬಂದಿವೆ. ಧೈರ್ಯವಾಗಿ ಅಳಿಸಿ.

ಪಿಎಚ್‌ಪಿ ಬಳಸುತ್ತೀರಿ ಅಂದಿರಿ. ಸೆಷನ್ (ಲಾಗಿನ್ ಆದವರನ್ನು ನೆನಪಿಡುವ ವ್ಯವಸ್ಥೆ) ಶುರು ಮಾಡಿದರೆ ಪಿಎಚ್‌ಪಿ ತನ್ನದೇ ಕ್ಯಾಶ್ ಹೆಡರ್ ಸೇರಿಸುತ್ತದೆ. ಅವಧಿ ಮುಗಿಯುವ ದಿನ ಹೇಳುವ ಎಕ್ಸ್‌ಪೈರ್ಸ್ ಹೆಡರ್‌ನಲ್ಲಿ 1981ರ ನವೆಂಬರ್ 19 ಕಂಡರೆ ಗಾಬರಿ ಬೇಡ, ಅದು ಪಿಎಚ್‌ಪಿಯದೇ. ನಿಮ್ಮ ಹೆಡರ್‌ಗಳನ್ನು ಸೆಷನ್ ಶುರುವಾದ ಮೇಲೆ ಹಾಕಿ, ಇಲ್ಲದಿದ್ದರೆ ಪಿಎಚ್‌ಪಿ ಅವುಗಳ ಮೇಲೆ ತನ್ನದನ್ನು ಬರೆದುಬಿಡುತ್ತದೆ.

ಬಳಕೆದಾರರೇ ಅಪ್‌ಲೋಡ್ ಮಾಡಿದ ಫೈಲ್‌ಗಳಾದರೆ ಎಕ್ಸ್-ಕಂಟೆಂಟ್-ಟೈಪ್-ಆಪ್ಷನ್ಸ್‌ಗೆ 'ನೋಸ್ನಿಫ್' (ಫೈಲ್ ಬಗೆಯನ್ನು ಬ್ರೌಸರ್ ತಾನೇ ಊಹಿಸಬೇಡ ಅನ್ನುವ ಸೂಚನೆ) ಕೊಡುವುದು ಮರೆಯಬೇಡಿ.

ಪರೀಕ್ಷೆ ಮಾಡುವಾಗ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 'ಡಿಸೇಬಲ್ ಕ್ಯಾಶ್' ಟಿಕ್ ತೆಗೆದಿರಿ. ಅದು ಇದ್ದರೆ ನಿಮಗೆ ಎಲ್ಲ ಸರಿಯಾಗೇ ಕಾಣುತ್ತದೆ, ಬಳಕೆದಾರರಿಗೆ ಮಾತ್ರ ಹಳೆಯದೇ. ಇನ್ನೊಂದು: ಈಗಾಗಲೇ ಆ 86400 ಜೊತೆ ಫೈಲ್ ಪಡೆದವರಿಗೆ ಹೊಸ ಹೆಡರ್ ತಲುಪುವುದೇ ಇಲ್ಲ, ಅವರ ಬ್ರೌಸರ್ ಕೇಳಿದರೆ ತಾನೆ! ರಿಪೋರ್ಟ್ ಲಿಂಕ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಒಂದು ಆವೃತ್ತಿ ಸಂಖ್ಯೆ ಸೇರಿಸಿ, ಸಿಡಿಎನ್ ಇದ್ದರೆ ಅಲ್ಲಿ ಪರ್ಜ್ ಮಾಡಿ, ಅಂದರೆ ಹಳೆಯ ಪ್ರತಿ ಅಳಿಸಿ. ಆಮೇಲೂ ಹಳೆಯದೇ ಬಂದರೆ, ಪಿಡಿಎಫ್ ತಯಾರಿಸುವ ಕೋಡ್ ಸರ್ವರ್‌ನಲ್ಲೇ ಹಳೆಯ ಫೈಲ್ ಇಟ್ಟುಕೊಂಡಿದೆಯಾ ನೋಡಿ.