ಗೋಡೆಗೆ ಅಂಟಿಸಿದ ಎಬಿಸಿಡಿ: ಕೆಲಸ ಹೋದದ್ದನ್ನು ಮುಚ್ಚಿಟ್ಟ ಮೇಷ್ಟ್ರ ಪ್ರಕರಣ

ವಿದೇಶದಲ್ಲಿ ಕೆಲಸ ಹೋಗಿದೆ, ಮನೆಯವರಿಗೆ ಹೇಳಿಲ್ಲ. ಈ ಮಾತು ಹಿಡಿದುಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವವರು ಜಾಸ್ತಿ ಆಗುತ್ತಿದ್ದಾರೆ. ನರ್ಸ್ ಇರಬಹುದು, ಸಾಫ್ಟ್‌ವೇರ್‌ನವರಿರಬಹುದು, ಕಥೆ ಮಾತ್ರ ಅದೇ. ಹಾಗಾಗಿ ಸ್ವಲ್ಪ ಹಳೆಯ ಪ್ರಕರಣವೊಂದನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಹತ್ತದಂತೆ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಬೇಡ, ಮೇಷ್ಟ್ರು ಅನ್ನೋಣ.

ಮೇಷ್ಟ್ರು ಚೀನಾದ ಒಂದು ಊರಿನ ಟ್ಯೂಷನ್ ಸೆಂಟರ್‌ನಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಮನೆಮಾತು ಕನ್ನಡ, ಪಾಸ್‌ಪೋರ್ಟ್ ಮಾತ್ರ ಇಂಗ್ಲಿಷ್ ಆಡುವ ದೇಶದ್ದು. ಅಲ್ಲಿ ಈ ಕೆಲಸದ ಪರ್ಮಿಟ್‌ಗೆ ಸಾಮಾನ್ಯವಾಗಿ ಅಂಥ ಪಾಸ್‌ಪೋರ್ಟೇ ಬೇಕು. 2021ರ ಜುಲೈನಲ್ಲಿ ಚೀನಾ ಸರ್ಕಾರ ಮಕ್ಕಳ ಮೇಲಿನ ಹೋಂವರ್ಕ್ ಮತ್ತು ಟ್ಯೂಷನ್ ಹೊರೆ ಇಳಿಸುತ್ತೇವೆ ಅಂತ ಹೊಸ ನೀತಿ ತಂದಿತು. ಶಾಲೆಯ ವಿಷಯಗಳಿಗೆ ಟ್ಯೂಷನ್ ಕೊಟ್ಟು ಲಾಭ ಮಾಡುವಂತಿಲ್ಲ. ಶನಿವಾರ, ಭಾನುವಾರ, ರಜೆ ದಿನಗಳಲ್ಲಿ ಪಾಠ ಮಾಡುವಂತಿಲ್ಲ. ಇನ್ನೂ ಶಾಲೆಗೆ ಸೇರದ ಪುಟಾಣಿಗಳಿಗಂತೂ ಇಂಗ್ಲಿಷ್ ಟ್ಯೂಷನ್ನೇ ಬೇಡ. ಇಂಥ ಸೆಂಟರ್‌ಗಳ ಮುಖ್ಯ ದುಡಿಮೆಯೇ ಶನಿವಾರ, ಭಾನುವಾರ, ಅಲ್ವಾ? ಮೇಷ್ಟ್ರ ಸೆಂಟರ್ ಕೆಲವು ತಿಂಗಳು ಕುಂಟಿತು, ಸಂಬಳ ತಡವಾಗತೊಡಗಿತು, ವರ್ಷದ ಕೊನೆಗೆ ಬಾಗಿಲು ಹಾಕಿತು. ಎರಡು ತಿಂಗಳ ಸಂಬಳ ಬಾಕಿ, ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ.

ಅವರು ನನ್ನ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಲು ಶುರು ಮಾಡಿದ್ದು 2022ರ ಜನವರಿಯಲ್ಲಿ. ಹೇಳಿಕೊಂಡ ತೊಂದರೆ ನಿದ್ದೆ ಬರಲ್ಲ ಅಂತ. ಜೊತೆಗೆ ಒಂದೇ ರಾಗ: ನಾನು ಇನ್ನೂ ಚೆನ್ನಾಗಿ ಪಾಠ ಮಾಡಿದ್ದರೆ ಸೆಂಟರ್ ಉಳಿಯುತ್ತಿತ್ತು. ಆ ತಿಂಗಳೇ ಅಲ್ಲಿನ ದೊಡ್ಡ ಟ್ಯೂಷನ್ ಕಂಪನಿ ನ್ಯೂ ಓರಿಯೆಂಟಲ್‌ನ ಸ್ಥಾಪಕ ಯು ಮಿನ್‌ಹಾಂಗ್, ತಮ್ಮ ಕಂಪನಿ 60,000 ಜನರನ್ನು ಕೆಲಸದಿಂದ ತೆಗೆದಿದೆ ಅಂತ ಬಹಿರಂಗವಾಗಿ ಬರೆದುಕೊಂಡಿದ್ದರು. ಅದನ್ನು ಓದಿ ಹೇಳಿದೆ. ಅಷ್ಟೂ ಜನ ಕೆಟ್ಟದಾಗಿ ಪಾಠ ಮಾಡಿದ್ರಾ ಅಂತ ಕೇಳಿದೆ. ಇಲ್ಲ ಮೇಡಂ ಅಂದರು. ಮರುವಾರ ಮತ್ತೆ ಅದೇ ರಾಗ. ನಾಚಿಕೆ ಅಂಕಿ-ಅಂಶಕ್ಕೆ ಬಗ್ಗಲ್ಲ.

ವಿಷಯ ಹೊರಬಿದ್ದದ್ದು ಗೋಡೆಯಿಂದ. ಅವತ್ತು ಅವರು ಲ್ಯಾಪ್‌ಟಾಪನ್ನು ಬೇರೆ ಕಡೆ ತಿರುಗಿಸಿ ಕೂತಿದ್ದರು. ಹಿಂದೆ ಬಣ್ಣಬಣ್ಣದ ಎಬಿಸಿಡಿ ಚಾರ್ಟ್, ಕೈಯಲ್ಲಿ ಬರೆದ ವಾರಗಳ ಪಟ್ಟಿ, ನಕ್ಷತ್ರದ ಸ್ಟಿಕರ್‌ಗಳು. ಚಾರ್ಟಿನ ಒಂದು ಮೂಲೆ ಟೇಪ್ ಬಿಟ್ಟು ಜೋತುಬಿದ್ದಿತ್ತು. ಮತ್ತೆ ಎಲ್ಲಾದರೂ ಕೆಲಸ ಸಿಕ್ಕಿತಾ ಅಂತ ಕೇಳಿದೆ.

"ಇಲ್ಲ ಮೇಡಂ. ಅದು ಅಮ್ಮಂಗೆ."

ಅಮ್ಮ ಫೋನ್ ಮಾಡುವುದು ಮೊದಲು ಇವರ ಪಾಠದ ಬಿಡುವಿನ ಹೊತ್ತಿಗೆ. ಈಗಲೂ ಅದೇ ಹೊತ್ತಿಗೆ ಮಾಡುತ್ತಾರೆ. ಮೇಷ್ಟ್ರು ಸೆಂಟರ್‌ನ ಟೀಶರ್ಟ್ ಹಾಕಿಕೊಂಡು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಂದು ದಿನ ಅಮ್ಮ, "ಏನೋ, ಮಕ್ಕಳ ಗಲಾಟೆನೇ ಇಲ್ವಲ್ಲೋ" ಅಂದರಂತೆ. ಅವತ್ತಿನಿಂದ ಹಳೆಯ ಕ್ಲಾಸಿನ ವಿಡಿಯೋವನ್ನು ಇನ್ನೊಂದು ಫೋನಲ್ಲಿ ಸಣ್ಣ ಸೌಂಡಿನಲ್ಲಿ ಹಾಕಿಡುತ್ತಿದ್ದರು. ಅದರಲ್ಲಿ ಒಂದು ಹುಡುಗಿ, "ಟೀಚರ್, ಫಿನಿಶ್!" ಅಂತ ಜೋರಾಗಿ ಕೂಗುತ್ತಾಳೆ.

"ನಿನ್ನೆ ಅಮ್ಮ ಏನಂದ್ರು ಗೊತ್ತಾ ಮೇಡಂ? ಪಾಪ, ಆ ಹುಡುಗಿ ದಿನಾ ಎಲ್ಲರಿಗಿಂತ ಮುಂಚೆ ಮುಗಿಸ್ತಾಳೆ, ಜಾಣೆ ಇರಬೇಕು ಅಂದ್ರು."

ಹೇಳುತ್ತಾ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ಮುಖ ಮುಚ್ಚಿಕೊಂಡರು. ತುಂಬ ಹೊತ್ತು ಮಾತಿಲ್ಲ. ಕೊನೆಗೆ, "ಆ ಮಗು ಈಗ ಎಲ್ಲಿದೆಯೋ, ಅದಕ್ಕೆ ನಾನು ಬೈ ಕೂಡ ಹೇಳಲಿಲ್ಲ" ಅಂದರು. ಸೆಂಟರ್ ಮುಚ್ಚಿದ ದಿನ ಬೀಗದ ಮೇಲೆ ಒಂದು ನೋಟಿಸ್ ಅಂಟಿಸಿದ್ದರಂತೆ, ಅಷ್ಟೇ.

ಅಲ್ಲಿಂದ ನಾನು ಸಲಹೆಗೇ ಇಳಿದೆ. ಆಪ್ತಸಲಹೆಗಾರರು ಹೀಗೆ ಮಾಡಿ, ಹಾಗೆ ಮಾಡಿ ಅನ್ನಬಾರದು, ಅವರೇ ದಾರಿ ಕಂಡುಕೊಳ್ಳಲಿ ಅನ್ನುವುದು ನಮ್ಮ ವೃತ್ತಿಯಲ್ಲಿ ದೊಡ್ಡ ಮಾತು. ನಾನೂ ಅದನ್ನು ಒಪ್ಪುತ್ತೇನೆ, ಆದರೆ ಕಾಗದಪತ್ರದ ಗಡುವು ತಲೆ ಮೇಲಿರುವಾಗ ಅಲ್ಲ. ಚೀನಾದಲ್ಲಿ ಕೆಲಸದ ಪರ್ಮಿಟ್ ಒಬ್ಬ ಮಾಲೀಕನಿಗೇ ಕಟ್ಟಿಕೊಂಡಿರುತ್ತದೆ. ಬೇರೆ ಕಡೆ ಸೇರಬೇಕಾದರೆ ಹಳೆಯವರು ರಿಲೀವಿಂಗ್ ಪತ್ರ ಕೊಡಬೇಕು, ಪರ್ಮಿಟ್ ರದ್ದು ಮಾಡಿಸಬೇಕು. ಮೇಷ್ಟ್ರು ಇದಕ್ಕೆ ಓಡಾಡಿಯೇ ಇರಲಿಲ್ಲ. ಯಾಕೆಂದರೆ ಓಡಾಡಬೇಕಾದ ಹೊತ್ತಿನಲ್ಲಿ ಅವರು ಮನೆಯಲ್ಲಿ 'ಪಾಠ' ಮಾಡುತ್ತಿದ್ದರು! ಸುಳ್ಳು ಅವರ ಇಡೀ ದಿನವನ್ನು ತಿನ್ನುತ್ತಿತ್ತು.

ಇನ್ನೊಂದು ಸೆಳೆತವೂ ಇತ್ತು. ಕೆಲವು ಮಕ್ಕಳ ತಾಯಂದಿರು ಅಲ್ಲಿನ ಮೆಸೇಜ್ ಆ್ಯಪ್ ವೀಚಾಟ್‌ನಲ್ಲಿ, ಮನೆಗೆ ಬಂದು ಪಾಠ ಮಾಡಿ, ಒಳ್ಳೆ ದುಡ್ಡು ಕೊಡ್ತೀವಿ ಅಂತ ಕರೆಯುತ್ತಿದ್ದರು. ಬೇಡ ಅಂತ ನೇರವಾಗಿ ಹೇಳಿದೆ. ಪರ್ಮಿಟ್ ಇಲ್ಲದೆ ದುಡಿದು ಸಿಕ್ಕಿಬಿದ್ದರೆ ಅಲ್ಲಿನ ಕಾನೂನಿನಲ್ಲಿ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನವೂ ಉಂಟು. ಅದಕ್ಕಿಂತ ನನಗಿದ್ದ ಭಯ ಬೇರೆ. ಒಂದು ಮುಚ್ಚಿಟ್ಟ ವಿಷಯದ ಜೊತೆ ಇನ್ನೊಂದು ಸೇರುತ್ತಿತ್ತು.

ಅಮ್ಮನಿಗೆ ಹೇಳಿ, ಹೊಸ ಕೆಲಸ ಸಿಗುವ ಮುಂಚೆಯೇ ಹೇಳಿ ಅಂದೆ. ಇಲ್ಲೇ ಅವರು ಜಗ್ಗಾಡಿದ್ದು. ಕೆಲಸ ಸಿಕ್ಕ ಮೇಲೆ ಒಟ್ಟಿಗೇ ಹೇಳ್ತೀನಿ ಅಂದರು. ಎಲ್ಲರೂ ಹೇಳುವುದು ಇದನ್ನೇ. ಕೆಲಸ ಸಿಕ್ಕ ಮೇಲೆ ಯಾರೂ ಹೇಳಲ್ಲ, ಆಗ ಅದರ ಅಗತ್ಯವೇ ಇರುವುದಿಲ್ಲ. ಮುಂದಿನ ಸಲ ಕೆಲಸ ಹೋದಾಗ ಮತ್ತೆ ಚಾರ್ಟ್ ಅಂಟಿಸುತ್ತಾರೆ. ಹೇಗೆ ಹೇಳಬೇಕು ಅಂತ ನನ್ನ ಮುಂದೆಯೇ ಪ್ರಾಕ್ಟೀಸ್ ಮಾಡಿಸಿದೆ. ಅವರು ಪ್ರತಿ ಸಲ ಸರ್ಕಾರದ ನೀತಿಯಿಂದ ಶುರು ಮಾಡುತ್ತಿದ್ದರು, ನಾನು ತಡೆಯುತ್ತಿದ್ದೆ. ಮೊದಲ ವಾಕ್ಯ "ಅಮ್ಮಾ, ಕೆಲಸ ಹೋಯ್ತು" ಅಂತ ಇರಲಿ, ಕಾರಣ ಅಮ್ಮ ಕೇಳಿದಾಗ ಹೇಳಿ.

ಹೇಳಿದರು. ಅಮ್ಮ ಅಪ್ಪಿ ಮುದ್ದಾಡಲಿಲ್ಲ. ಸಿಟ್ಟಾದರು, ಅದೂ ಕೆಲಸ ಹೋದದ್ದಕ್ಕಲ್ಲ. ಮಗ ಉಳಿತಾಯ ಮುರಿದು ಪ್ರತಿ ತಿಂಗಳೂ ಮನೆಗೆ ದುಡ್ಡು ಕಳಿಸಿದ್ದಕ್ಕೆ. ಕೆಲವು ದಿನ ಫೋನೇ ಮಾಡಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು, ಒತ್ತಾಯ ಮಾಡಿ ಹೇಳಿಸಬಾರದಿತ್ತು ಅಂತ ಈಗಲೂ ವಾದ ಮಾಡುತ್ತಾರೆ. ಮಾಡಲಿ. ಆ ಫೋನ್ ಬರದ ದಿನಗಳಲ್ಲೇ ಮೇಷ್ಟ್ರು ಮ್ಯಾನೇಜರನ್ನು ಹುಡುಕಿಕೊಂಡು ಹೋಗಿ ರಿಲೀವಿಂಗ್ ಪತ್ರಕ್ಕೆ ಸೀಲ್ ಹಾಕಿಸಿಕೊಂಡು ಬಂದರು.

ಆ ವರ್ಷ ಜೂನ್‌ನಲ್ಲಿ ಮೇಷ್ಟ್ರ ಅಕ್ಕ ಅವರಿಗೊಂದು ವಿಡಿಯೋ ಕಳಿಸಿದರಂತೆ. ಅದೇ ನ್ಯೂ ಓರಿಯೆಂಟಲ್‌ನ ಇಂಗ್ಲಿಷ್ ಮೇಷ್ಟ್ರಾಗಿದ್ದ ಡಾಂಗ್ ಯುಹುಯಿ ಲೈವ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾ ಸಾಮಾನು ಮಾರಿ ರಾತ್ರೋರಾತ್ರಿ ಹೆಸರು ಮಾಡಿದ್ದು. "ನೋಡೋ, ಮನಸ್ಸಿದ್ರೆ ಏನು ಬೇಕಾದ್ರೂ ಮಾಡಬಹುದು" ಅಂತ ಕೆಳಗೆ ಬರೆದಿದ್ದರು. ದಯವಿಟ್ಟು ಕೆಲಸ ಕಳೆದುಕೊಂಡವರಿಗೆ ಇಂಥದ್ದನ್ನು ಕಳಿಸಬೇಡಿ. ಅರವತ್ತು ಸಾವಿರ ಜನ ಕೆಲಸ ಕಳೆದುಕೊಂಡ ಕಂಪನಿಯಲ್ಲಿ ಒಬ್ಬರ ಕಥೆ ಅದು. ಮನೆ ಬಾಡಿಗೆ ಹೇಗೆ ಕಟ್ತಿದ್ದೀಯಾ, ಬಾಕಿ ಸಂಬಳ ಬಂತಾ, ಬರದಿದ್ದರೆ ದೂರು ಕೊಡಲು ಎಷ್ಟು ಕಾಲ ಇದೆ ಅಂತ ಕೇಳಿ. ಅಲ್ಲಿ ಸಂಬಳದ ತಕರಾರಿಗೆ ಒಂದು ವರ್ಷದ ಗಡುವಿದೆ. ಮೇಷ್ಟ್ರು ದೂರು ಕೊಟ್ಟರು, ಒಂದು ತಿಂಗಳದ್ದು ಬಂತು. ಇನ್ನೊಂದು ತಿಂಗಳದ್ದು ಬರಲೇ ಇಲ್ಲ.