ಪ್ರತಿಕ್ರಿಯೆ: ರಕ್ಷಾಕವಚ ಬಂದರೆ ಕೈಗಾ ಪೂರ್ತಿ ಸುರಕ್ಷಿತವೇ?

2025ರ ಸ್ವಾತಂತ್ರ್ಯ ದಿನದಂದು ಪ್ರಧಾನಿಯವರು ಘೋಷಿಸಿದ ‘ಸುದರ್ಶನ ಚಕ್ರ’ ಎಂಬ, ವಾಯುದಾಳಿ ತಡೆಯುವ ರಕ್ಷಾಕವಚ 2035ರೊಳಗೆ ಸಿದ್ಧವಾದರೆ ಕೈಗಾ ಅಣುಸ್ಥಾವರಕ್ಕೂ ಕಾರವಾರದ ಕದಂಬ ನೌಕಾನೆಲೆಗೂ ಕ್ಷಿಪಣಿಯ ಭಯ ತಪ್ಪುವುದೇ ಎಂದು ತಾವು ಕೇಳಿದ್ದೀರಿ. ಭಯ ಕಡಿಮೆಯಾದೀತು, ಪೂರ್ತಿ ಇಲ್ಲವಾಗದು ಎಂಬುದು ನನ್ನ ಅಭಿಪ್ರಾಯ.

2006ರ ನವೆಂಬರ್‌ನಲ್ಲಿ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಸುಮಾರು 50 ಕಿ.ಮೀ. ಎತ್ತರದಲ್ಲಿ ಕ್ಷಿಪಣಿಯೊಂದನ್ನು ಹೊಡೆದುರುಳಿಸಿದ್ದು ದೊಡ್ಡ ಸಾಧನೆಯೇ ಸರಿ. ಆದರೆ ಯುದ್ಧದಲ್ಲಿ ಹಲವು ಕ್ಷಿಪಣಿಗಳು ಒಟ್ಟಿಗೇ, ಹುಸಿ ಸಿಡಿತಲೆಗಳ ಜೊತೆ ಬರಬಹುದು. ಗಾಳಿಯೇ ಇಲ್ಲದ ಎತ್ತರದಲ್ಲಿ ಹುಸಿ ಸಿಡಿತಲೆಯಾಗಿ ಬಿಟ್ಟ ಹಗುರವಾದ ಬಲೂನೂ ಭಾರದ ಸಿಡಿತಲೆಯೂ ಒಂದೇ ವೇಗದಲ್ಲಿ ಸಾಗುವುದರಿಂದ ಅಸಲಿ ಯಾವುದೆಂದು ಗುರುತಿಸುವುದೇ ಕಷ್ಟ.

ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ. ಟ್ಯಾಗೋರ್ ಕಡಲತೀರದಲ್ಲಿ ನಿಂತವರಿಗೆ ದೂರದ ದೋಣಿಯ ಒಡಲು ಮರೆಯಾಗಿ ಮೇಲ್ಭಾಗವಷ್ಟೇ ಕಾಣುವಂತೆ, ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿಬರುವ ಕ್ರೂಸ್ ಕ್ಷಿಪಣಿಯೂ ಭೂಮಿಯ ದುಂಡನೆಯ ಮೈಯಿಂದಾಗಿ ನೆಲದ ರಾಡಾರಿಗೆ ತೀರಾ ಹತ್ತಿರ ಬಂದ ಮೇಲೆಯೇ ಕಾಣುತ್ತದೆ. ಅದಕ್ಕೆ ವಿಮಾನದಲ್ಲಿರಿಸಿದ ರಾಡಾರ್ ಬೇಕೇ ಬೇಕು.

ಹಾಗೆಂದು ಯೋಜನೆಯೇ ಬೇಡ ಎನ್ನುವವನು ನಾನಲ್ಲ. ಕದಂಬ ನೌಕಾನೆಲೆಯ ‘ಸೀಬರ್ಡ್’ ಯೋಜನೆಗಾಗಿ ಮನೆ-ಗದ್ದೆ ಬಿಟ್ಟುಕೊಟ್ಟು, ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆದ ಜನರಿರುವ ಈ ಜಿಲ್ಲೆಯಲ್ಲಿ ಮತ್ತೆ ಜಾಗ ಕೇಳುವ ಸಂದರ್ಭ ಬಂದರೆ, ಅದಕ್ಕೂ ಮೊದಲು ಕವಚದ ವೆಚ್ಚವನ್ನೂ ಮಿತಿಗಳನ್ನೂ ಸಂಸತ್ತಿನಲ್ಲಿ ಬಿಚ್ಚಿಟ್ಟು ಚರ್ಚಿಸಬೇಕೆಂಬುದು ನನ್ನ ಆಗ್ರಹ.