ಸಂಪಾದಕರ ಉತ್ತರ: ತದಡಿಯ ಬಾಟಲಿ ಯಾಕೆ ಖಾಲಿ?

ತದಡಿಯ ಶಿಕ್ಷಕಿಯವರಿಗೆ ನಮಸ್ಕಾರ.

ಮಾರ್ಚಿನಲ್ಲಿ ದಕ್ಕೆಯ ಬಳಿ ಅಘನಾಶಿನಿ ಹೊಳೆಯ ನೀರನ್ನು ತೆಳುಬಟ್ಟೆಯಲ್ಲಿ ಸೋಸಿ ಸೂಕ್ಷ್ಮದರ್ಶಕದಲ್ಲಿಟ್ಟಾಗ ಹನಿತುಂಬ ಜೀವಿಗಳು ಓಡಾಡುತ್ತಿದ್ದವು, ಜುಲೈ ಎರಡನೇ ವಾರ ಅದೇ ಜಾಗದಲ್ಲಿ ಸೋಸಿದರೆ ಕೆಸರಿನ ನಡುವೆ ಎರಡೋ ಮೂರೋ ಎಂದು ಬರೆದಿದ್ದೀರಿ. "ಹೊಳೆಗೆ ಯಾರಾದರೂ ವಿಷ ಹಾಕಿದರಾ ಟೀಚರ್?" ಎಂದು ಕೇಳುವ ಮಕ್ಕಳಿಗೆ ಏನು ಹೇಳಲಿ ಎಂಬುದು ನಿಮ್ಮ ಪ್ರಶ್ನೆ.

ವಿಷದ ತನಕ ಹೋಗಬೇಕಿಲ್ಲ ಮೇಡಂ. ನಾನು ಇದನ್ನು ಬರೆಯುತ್ತಿರುವ ಶಿರಸಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಈ ನೀರಿನ ಒಂದು ಪಾಲು ಉಂಚಳ್ಳಿಯಲ್ಲಿ ಧುಮುಕಿ ನಿಮ್ಮ ಕಡೆಗೇ ಬರುತ್ತದೆ, ನಡುವೆ ತಡೆಯಲು ದೊಡ್ಡ ಅಣೆಕಟ್ಟಿಲ್ಲ. ಕಾರವಾರದ ಕಾಳಿ ಹೊಳೆಗಾದರೆ ಕದ್ರಾ ಅಣೆಕಟ್ಟಿನಲ್ಲಿ ಕರೆಂಟು ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಬರುತ್ತದೆ. ನಿಮ್ಮಲ್ಲಿ ಹಾಗಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಾರ್ಚಿನ ಭರತದಲ್ಲಿ ಆ ಉಪ್ಪು ಗಜನಿಗಳನ್ನು (ಹೊಳೆಯಂಚಿನ ಉಪ್ಪುನೀರಿನ ಗದ್ದೆಗಳನ್ನು) ದಾಟಿ ಮೇಲೇರುತ್ತದೆ. ಜುಲೈಯಲ್ಲಿ ಮೇಲ್ನೀರು ಹೆಚ್ಚುಕಮ್ಮಿ ಸಿಹಿ.

ಮಕ್ಕಳು ಬಿಡಿಸಿ ಕಳಿಸಿದ ಚಿತ್ರ ನನ್ನ ಮೇಜಿನ ಮೇಲಿದೆ: ಅಕ್ಕಿಕಾಳಿನಂಥ ಮೈ, ಎರಡು ಉದ್ದ ಮೀಸೆ, ಹಣೆಯಲ್ಲಿ ಒಂದೇ ಕಣ್ಣು. ಅದು ಕೊಪೆಪಾಡ್, ಸೀಗಡಿ-ಏಡಿಗಳ ಬಳಗದ ಕಿರುಜೀವಿ. ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಪ್ರಾಣಿಪ್ಲವಕಗಳಲ್ಲಿ (ನೀರಿನಲ್ಲಿ ತೇಲುವ ಕಿರುಪ್ರಾಣಿಗಳಲ್ಲಿ) ಸಾಮಾನ್ಯವಾಗಿ ಇವುಗಳದ್ದೇ ಬಹುಪಾಲು. ಉಪ್ಪು ಇಳಿದಾಗ ಕೆಲವು ಸಾಯುತ್ತವೆ. ಇನ್ನು ಕೆಲವು ಮರಿ ಮಾಡುವುದರೊಳಗೆ ನೆರೆ ಅವನ್ನು ಕಡಲಿಗೆ ತಳ್ಳಿಬಿಡುತ್ತದೆ. ಆದರೆ ಕೆಲವು ಜಾತಿಗಳ ಮೊಟ್ಟೆ ಕೆಸರಲ್ಲಿ ಹುದುಗಿ, ತಕ್ಕ ನೀರು ಬರುವ ತನಕ ಒಡೆಯದೆ ಕಾಯುತ್ತದೆ. ನೀವು ಚೆಲ್ಲಿದ ಆ ಕೆಸರಿನಲ್ಲೂ ಇದ್ದಿರಬಹುದು.

ಇನ್ನೊಂದು ವಿಷಯ. ಪತ್ರದಲ್ಲಿ ತಾರೀಕಿದೆ, ಭರತವೋ ಇಳಿತವೋ ಎಂಬುದಿಲ್ಲ. ನನಗೆ ತಾರೀಕಿಗಿಂತ ಅದೇ ಮುಖ್ಯ. ಉಪ್ಪುನೀರು ಭಾರ, ಮಳೆಗಾಲದಲ್ಲೂ ಭರತದ ಹೊತ್ತಿಗೆ ಅಡಿಯಿಂದ ನುಸುಳಿ ಬರಬಲ್ಲದು. ಅದರೊಳಗೆ ಬಂದ ಜೀವಿಗಳು ಮೇಲಿಂದ ಮೊಗೆದ ಬಾಟಲಿಗೆ ಸಿಗುವುದಿಲ್ಲ. ಈಜಲು ಬಲವಿಲ್ಲದ ಈ ಕಿರುಜೀವಿಗಳ ಉಪಾಯ ನೋಡಿ: ಕೆಲವು ಭರತದಲ್ಲಿ ಮೇಲೆದ್ದು ನೀರಿನೊಂದಿಗೆ ಒಳಗೆ ಬರುತ್ತವೆ, ಇಳಿತ ಶುರುವಾದರೆ ಸೆಳೆತ ಕಡಿಮೆಯಿರುವ ತಳಕ್ಕೆ ಇಳಿದು ಕೂರುತ್ತವೆ. ಮೇಲೆ ಕೆಳಗೆ ಮಾಡುತ್ತಲೇ ಹೊಳೆಯಲ್ಲಿ ಉಳಿದುಕೊಳ್ಳುತ್ತವೆ! ಏಡಿಗಳಲ್ಲಿ ಹಲವು ಇದಕ್ಕೆ ತಿರುಗುಮುರುಗು. ತಾಯಿ ರಾತ್ರಿಯ ಇಳಿತ ನೋಡಿ ಮರಿ ಬಿಡುತ್ತದೆ, ಮರಿ ಕಡಲಲ್ಲಿ ಬೆಳೆದು ಭರತ ಹಿಡಿದು ಮರಳುತ್ತದೆ. ನಿಮ್ಮೂರಿನವರು ಹೆಕ್ಕುವ ಬಳಚು ಎಂಬ ಚಿಪ್ಪುಜೀವಿ ಕೂಡ ಹುಟ್ಟಿದ ಮೊದಲ ವಾರಗಳಲ್ಲಿ ಹೀಗೇ ತೇಲುವ ಜೀವಿ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ತಿಥಿ, ಭರತ ತುಂಬಿದ ಹೊತ್ತು, ಹಿಂದಿನ ದಿನ ಮಳೆಯಿತ್ತೇ ಎಂಬುದನ್ನು ಮಕ್ಕಳೇ ಬರೆಯಲಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ "ಬೆಳಿಗ್ಗೆ 10ಕ್ಕೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಒಂದು ಲೋಟ ನೀರನ್ನು ಒಲೆಯ ಮೇಲೆ ಬತ್ತಿಸಿ ಉಳಿದ ಉಪ್ಪನ್ನೂ ನೋಡಲಿ. ನೆರೆ ಇರುವಾಗ ಮಾತ್ರ ಮಕ್ಕಳನ್ನು ಅಂಚಿಗೆ ಬಿಡಬೇಡಿ, ದೋಣಿಯವರಿಂದ ನೀರು ತರಿಸಿ.

ನವರಾತ್ರಿ ಕಳೆದ ಮೇಲೆ, ಅಮಾವಾಸ್ಯೆಯ ಭರತ ತುಂಬುವ ಹೊತ್ತಿಗೆ ಮತ್ತೆ ಸೋಸಿ. ಆ ಪುಟದ ಪ್ರತಿಯನ್ನು, ಚಿತ್ರ ಬಿಡಿಸಿದ ಮಕ್ಕಳ ಹೆಸರಿನೊಂದಿಗೆ, ನಮಗೆ ಕಳಿಸಿ.

— ಸಂ.